ಬಳೆ ಸಡಿಲ, ಚಪ್ಪಲಿ ಬಿಗಿ

ತುಮಕೂರು
9-8-1979

ಸುಬ್ಬಿಗೆ ಖುರ್ಷಿದಾಳ ಸಲಾಮು.

ಗುಬ್ಬಿ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು, ನನ್ನ ಉತ್ತರ ನೋಡಿ ಲೆಕ್ಕದಲ್ಲಿ ಪಾಸಾದವಳು ನೀನು. ಈಗ ಹುತ್ರಿದುರ್ಗಕ್ಕೆ ದೊಡ್ಡ ನರ್ಸಮ್ಮ ಆಗಿದ್ದೀಯ, ಎರಡು ಸಾಲು ಬರೆಯಲು ಪುರುಸೊತ್ತಿಲ್ಲ. ಇರಲಿ, ನಾನೇ ಬರೆಯುತ್ತೇನೆ. ನನಗೆ ಯಾರ ಹತ್ತಿರವಾದರೂ ಗಂಡನ ಮೇಲೆ ದೂರು ಹೇಳಲೇಬೇಕು, ಇಲ್ಲದಿದ್ದರೆ ತಲೆ ಒಡೆದು ಹೋಗುತ್ತದೆ.

ಇವತ್ತಿಗೆ ಹದಿನಾಲ್ಕು ರೋಜಾ ಆಯಿತು. ಪ್ರತಿ ವರ್ಷ ಇವರು ಉಪವಾಸ ಇದ್ದೂ ಅಂಗಡಿಯಲ್ಲಿ ಬಳೆ ಡಬ್ಬಗಳನ್ನು ಎತ್ತಿ ಇಳಿಸುತ್ತಿದ್ದರು. ಈ ಸಲ ಗಲ್ಲಾದ ಹಿಂದೆ ಕೂತಲ್ಲೇ ತೂಕಡಿಸುತ್ತಾರೆ. ಗಿರಾಕಿ ಹೆಂಗಸರಿಗೆ ನಾನೇ ಬಳೆ ತೊಡಿಸುತ್ತಿದ್ದೇನೆ, ಹಬ್ಬದ ವ್ಯಾಪಾರ ಬೇರೆ. ಸಂಜೆ ಉಪವಾಸ ಬಿಟ್ಟರೆ ಮೊದಲು ಕೈ ಹೋಗುತ್ತಿದ್ದುದು ಬೀಡಿಗೆ. ನಿನ್ನೆ ಹಚ್ಚಿದ ಬೀಡಿಯನ್ನು ಎಸೆದು, "ಥೂ, ಈ ವಾಸನೇನೇ ಆಗ್ತಿಲ್ಲ ಕಣೇ" ಅಂದರು. ನಾನು ಕರಿದ ಸಮೋಸ ನೋಡಿದರೆ ವಾಕರಿಕೆಯಂತೆ. ಮದುವೆಯಾಗಿ ಹದಿನಾರು ವರ್ಷಕ್ಕೆ ನನ್ನ ಸಮೋಸ ಬೇಡವಾಯಿತು!

ಇನ್ನೊಂದು ವಿಷಯ, ಬರೆಯಲು ನಾಚಿಕೆ. ಮೂತ್ರ ಕಡು ಚಹಾದ ಬಣ್ಣಕ್ಕೆ ಬಂದಿದೆ ಎಂದು ಅವರೇ ಹೇಳಿದರು. ನಮ್ಮ ಅತ್ತೆ ಜೈನಬ್ ಬೀ, "ದಿನವೆಲ್ಲಾ ನೀರು ಕುಡಿಯಲ್ಲ, ಇನ್ನೇನ್ ಹಾಲಿನ ಬಣ್ಣ ಬರ್ತದಾ" ಎಂದು ನನ್ನನ್ನೇ ಗದರಿದರು. ಅದೂ ಸರಿಯೇ. ಆದರೂ ನನಗೂ ಅತ್ತೆಗೂ ಅದೇ ಉಪವಾಸ, ಅದೇ ನೀರು, ನಮಗೆ ಹಾಗಿಲ್ಲ.

ಬೇಗ ಬರೆ.
ಖುರ್ಷಿ

•

ಹುತ್ರಿದುರ್ಗ
12-8-1979

ಖುರ್ಷಿ,

ಕಾಗದ ಈಗ ಬಂತು, ಈಗಲೇ ಬರೆಯುತ್ತಿದ್ದೇನೆ, ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಮಾಮೂಲಿ ಅಂಚೆಯನ್ನು ನಂಬಿ ಕೂರುವ ವಿಷಯವಲ್ಲ ಇದು.

ಭಾವನವರನ್ನು ಹಗಲು ಹೊತ್ತಿನಲ್ಲಿ ಬೀದಿಗೆ ಕರೆದು, ಬಿಸಿಲಲ್ಲಿ ನಿಲ್ಲಿಸಿ, ಮೇಲೆ ನೋಡಿ ಎನ್ನು. ಕಣ್ಣಿನ ಬಿಳಿಗುಡ್ಡೆ ಬಿಳಿಯಾಗಿದೆಯೋ ಇಲ್ಲವೋ ನೋಡು. ಬಿಸಿಲಲ್ಲೇ ನೋಡಬೇಕು. ನಿಮ್ಮ ಅಂಗಡಿಯಲ್ಲಿ ಬಳೆ ಮಿನುಗಲೆಂದು ಹಗಲೂ ಬಲ್ಬು ಉರಿಸುತ್ತೀರಿ. ಈ ತಿಂಗಳು ಊಟ ಮಾಡುವುದೂ ಬೆಳಗಾಗುವ ಮೊದಲು, ಕತ್ತಲಾದ ಮೇಲೆ. ಬಲ್ಬಿನ ಬೆಳಕಿನಲ್ಲಿ ಹಳದಿ ಗೊತ್ತಾಗುವುದಿಲ್ಲ. ಹದಿನಾಲ್ಕು ದಿನದಿಂದ ನೀನು ಗಂಡನ ಮುಖವನ್ನು ಸರಿಯಾಗಿ ನೋಡಿಯೇ ಇಲ್ಲ.

ಬಲಗಡೆ ಪಕ್ಕೆಲುಬಿನ ಕೆಳಗೆ ನೋವಿದೆಯೇ, ಮೈ ತುರಿಸುತ್ತದೆಯೇ, ಮಲ ಸುಣ್ಣದ ಹಾಗೆ ಬೆಳ್ಳಗಾಗಿದೆಯೇ ಎಂದು ಕೇಳು. ನಾಚಿಕೆಯನ್ನು ಆಮೇಲೆ ಪಡುವೆಯಂತೆ. ಬೀಡಿ ಸೇದುವವನಿಗೆ ಬೀಡಿ ಬೇಡವಾಯಿತು ಎಂದರೆ ನಾವು ಲಿವರ್ ನೋಡುತ್ತೇವೆ. ಹುಷಾರಿಲ್ಲದವರಿಗೆ ರೋಜಾ ಮಾಫಿ ಎಂದು ಎಸ್ಸೆಸ್ಸೆಲ್ಸಿಯಲ್ಲಿ ನೀನು ಜ್ವರ ಬಂದು ಮಲಗಿದ್ದಾಗ ನೀನೇ ನನಗೆ ಹೇಳಿದ್ದೆ. ಮಸೀದಿಯ ಹಜರತ್ತರನ್ನು ಕೇಳಿ ಬಿಡಿಸು. ಡಾಕ್ಟರ ಹತ್ತಿರ ಹೋಗು. ಕಣ್ಣು ಹಳದಿ ಎಂದು ಕಾದ ಕಡ್ಡಿಯಿಂದ ಬರೆ ಹಾಕಿಸಲು ಮಾತ್ರ ಯಾರೂ ಕರೆದುಕೊಂಡು ಹೋಗಬಾರದು.

ನನ್ನದೇನಿದೆ, ಓಡಾಟ. ಬೆಟ್ಟದ ಮೇಲಿನ ಮನೆಗಳಿಗೆ ಹೋಗುವಾಗ ಈಚೆಗೆ ಎರಡು ಕಡೆ ಕೂತು ಹೋಗುತ್ತೇನೆ. ವಯಸ್ಸಾಯಿತು ನೋಡು, ಮೂವತ್ತಮೂರು!

ಸುಬ್ಬಲಕ್ಷ್ಮಿ

•

ತುಮಕೂರು
2-9-1979

ಸುಬ್ಬಿ,

ನಿನ್ನ ಕಾಗದ ಓದಿದ ಮರುದಿನವೇ ಬೀದಿಯಲ್ಲಿ ನಿಲ್ಲಿಸಿದೆ. ಅಲ್ಲಾ, ಆ ಕಣ್ಣು! ಅರಿಶಿನದ ನೀರು ಹೊಯ್ದ ಹಾಗಿತ್ತು. ಬೀದಿಯಲ್ಲೇ ಅತ್ತುಬಿಟ್ಟೆ. ಡಾಕ್ಟರು ಕಾಮಾಲೆ, ಲಿವರ್ ಊದಿದೆ, ಇನ್ನೂ ಎರಡು ವಾರ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದರು. ಮೂರು ವಾರ ಹಾಸಿಗೆ, ಗಂಜಿ, ಗ್ಲೂಕೋಸ್. ಹಬ್ಬದ ನಮಾಜಿಗೂ ಹೋಗಲಿಲ್ಲ. ಈಗ ಕಣ್ಣು ತಿಳಿಯಾಗಿದೆ. ನಿನ್ನೆ ತಾವಾಗಿಯೇ ಸಮೋಸ ಕೇಳಿದರು, ನಾನು ಕೊಡಲಿಲ್ಲ.

ಅತ್ತೆ ನಾನಿಲ್ಲದ ಹೊತ್ತು ನೋಡಿ ಬರೆ ಹಾಕುವವನನ್ನು ಮನೆಗೇ ಕರೆಸಿದ್ದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಅತ್ತೆಯ ಎದುರು ದನಿ ಎತ್ತಿದ್ದು ಅದೇ ಮೊದಲು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಮೂರನೇ ದಿನ ಚಹಾ ಮಾಡಿ ಕೊಟ್ಟರು.

ಒಂದೇ ಒಂದು ಮುಳ್ಳು ಉಳಿದಿದೆ. ಪಕ್ಕದಂಗಡಿಯ ಅಪ್ಪಾಜಿ ನೋಡಲು ಬಂದ. ಲಿವರ್ ಎಂದಿದ್ದೇ ತಡ, ಹೆಬ್ಬೆರಳನ್ನು ಬಾಯಿಯ ಹತ್ತಿರ ಹಿಡಿದು, "ಏನ್ ಸಾಹೇಬ್ರೇ, ಇದು ಯಾವಾಗಿಂದ" ಎಂದು ನಕ್ಕ. ಇವರ ಮುಖ ಸತ್ತುಹೋಯಿತು. ಐದು ಹೊತ್ತು ನಮಾಜು ಮಾಡುವ ಮನುಷ್ಯ, ಹೆಂಡದ ಅಂಗಡಿಯಿರುವ ಬೀದಿಗೂ ಹೋಗುವವರಲ್ಲ. ಈಗ ಯಾರು ಕೇಳಿದರೂ ಟೈಫಾಯ್ಡ್ ಎನ್ನುತ್ತಾರೆ. ಕುಡಿಯದವರಿಗೂ ಲಿವರ್ ಕೆಡುತ್ತದೆಯೇ? ಮತ್ತೆ ಬರುತ್ತದೆಯೇ? ನನಗೆ ಎಲ್ಲವನ್ನೂ ಬರೆ, ಇನ್ನೊಂದು ಸಲ ಕುರುಡಿಯಾಗಿ ಇರಲಾರೆ.

ಖುರ್ಷಿ

•

ಹುತ್ರಿದುರ್ಗ
16-9-1979

ಖುರ್ಷಿ,

ಕುಡಿಯದವರಿಗೂ ಕೆಡುತ್ತದೆ. ಕೆಟ್ಟ ನೀರಿನಿಂದ ಬರುತ್ತದೆ, ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಿದರೆ ಬರುತ್ತದೆ. ಅಪ್ಪಾಜಿಯಂಥವರಿಗೆ ಹೇಳಿ ಪ್ರಯೋಜನವಿಲ್ಲ. ನಾನು ಮೊದಲಿದ್ದ ಊರಿನಲ್ಲಿ ಪುಟ್ಟರಂಗಯ್ಯ ಎಂಬ ಕಾಂಪೌಂಡರ್ ಗಾಯ ಒರೆಸುವ ಸ್ಪಿರಿಟ್ಟನ್ನೇ ಕುಡಿದು ಕುಡಿದು ಹೊಟ್ಟೆ ಊದಿ ಸತ್ತ. ಅಂದಿನಿಂದ ನಮ್ಮ ಕೆಲಸದವರಲ್ಲಿ ಯಾರಿಗೆ ಲಿವರ್ ಎಂದರೂ ಜನ ಮೊದಲು ನೋಡುವುದು ಸ್ಪಿರಿಟ್ ಸೀಸೆಯನ್ನು. ಇಲ್ಲಿ ಆ ಸೀಸೆಯಿಡುವ ಬೀರುವಿನ ಬೀಗದ ಕೈ ನನ್ನ ಸೊಂಟದಲ್ಲೇ ಇದೆ.

ಭಾವನವರದು ಬಂದು ಹೋಗುವ ಜಾತಿಯದು, ಹೋಯಿತು. ಸದ್ದಿಲ್ಲದೆ ವರ್ಷಗಟ್ಟಲೆ ಕೂರುವ ಜಾತಿ ಇನ್ನೊಂದಿದೆ. ಅದರಲ್ಲಿ ಕಣ್ಣು ಹಳದಿಯಾಗುವುದು ಎಷ್ಟೋ ಸಲ ಕೊನೆಗೆ. ಮೊದಲು ಸುಸ್ತು. ಎರಡು ತುತ್ತಿಗೆ ಹೊಟ್ಟೆ ತುಂಬಿದಂತಾಗುತ್ತದೆ. ಮೈ ಕಡಿಯುತ್ತದೆ. ಒಸಡಿನಲ್ಲಿ ರಕ್ತ, ಸುಮ್ಮನೆ ತಾಗಿದರೂ ನೀಲಿ ಕಲೆ. ಅಂಗೈ ಕೆಂಪಾಗುತ್ತದೆ, ತೋಳು ಸಣ್ಣಗಾಗುತ್ತದೆ, ಸಂಜೆಗೆ ಪಾದ ಊದುತ್ತದೆ. ಒಂದೊಂದಕ್ಕೂ ಒಂದೊಂದು ಸಬೂಬು ಸಿಗುವುದೇ ಇದರ ಕಷ್ಟ. ಒಂದು ವರ್ಷ ಅವರ ಮೇಲೆ ಕಣ್ಣಿಟ್ಟಿರು.

ಪೇಟೆಯಿಂದ ಒಳ್ಳೆಯ ಸೋಪು ಯಾವುದಾದರೂ ಇದ್ದರೆ ಕಳಿಸು. ಇಲ್ಲಿಯ ನೀರು ಗಡಸು, ಮೈ ತುರಿಕೆ. ಹಲ್ಲುಪುಡಿಯನ್ನೂ ಬದಲಿಸಿದೆ, ಒಸಡು ಉಜ್ಜಿ ರಕ್ತ ಬರುತ್ತಿತ್ತು.

ಸುಬ್ಬಲಕ್ಷ್ಮಿ

•

ತುಮಕೂರು
10-1-1980

ಸುಬ್ಬಿ,

ನಾಲ್ಕು ತಿಂಗಳು! ದೀಪಾವಳಿಗೆ ಬರುತ್ತೇನೆ ಎಂದೆ, ಬರಲಿಲ್ಲ. ಗುಬ್ಬಿಯಲ್ಲಿರುವ ನಿನ್ನ ಅಣ್ಣ ಅಂಜನಮೂರ್ತಿ ಅಂಗಡಿಗೆ ಬಂದಿದ್ದರು, ಅವರ ಮನೆಗೂ ನೀನು ಹೋಗಿಲ್ಲವಂತೆ. "ಅವಳಿಗೇನ್ ಬುಡಮ್ಮ, ಸರ್ಕಾರಿ ಸಂಬ್ಳ, ನಮ್ ನೆನಪೆಲ್ಲಿ ಬರ್ಬೇಕು" ಎಂದರು. ನಾನು ನಿನ್ನ ಪರವಾಗಿ ಜಗಳ ಆಡಿದೆ, ಆದರೆ ಒಳಗೆ ನನಗೂ ಸಿಟ್ಟಿದೆ.

ಇವರು ಗಟ್ಟಿಯಾಗಿದ್ದಾರೆ, ದಪ್ಪಗೂ ಆಗಿದ್ದಾರೆ. ಪ್ರತಿ ಶುಕ್ರವಾರ ಬಿಸಿಲಲ್ಲಿ ನಿಲ್ಲಿಸಿ ಕಣ್ಣು ನೋಡುತ್ತೇನೆ. ಬೀದಿಯವರು ನಗುತ್ತಾರೆ, ನಗಲಿ.

ಸಂಕ್ರಾಂತಿಗೆ ಎರಡು ಡಜನ್ ಹಸಿರು ಬಳೆ, ಒಂದು ಜೊತೆ ಚಪ್ಪಲಿ ಕಳಿಸಿದ್ದೇನೆ. ಬಳೆ ಎರಡೂವರೆ ಅಳತೆ, ನಿನ್ನ ಕೈ ನನಗೆ ಬಾಯಿಪಾಠ. ಚಪ್ಪಲಿ ಹೋದ ವರ್ಷದ ಅಳತೆಯದೇ.

ಖುರ್ಷಿ

•

ಹುತ್ರಿದುರ್ಗ
28-1-1980

ಖುರ್ಷಿ,

ಬಳೆ ಬಹಳ ಚೆನ್ನಾಗಿವೆ. ನಿನ್ನ ಬಾಯಿಪಾಠ ಮರೆತುಹೋಗಿದೆ, ಬಳೆಗಾರ್ತಿ! ಮುಂಗೈಯಿಂದ ಮೊಣಕೈಗೆ ಓಡಾಡುತ್ತವೆ. ಎರಡೂಕಾಲು ಕಳಿಸು. ಚಪ್ಪಲಿ ಮಾತ್ರ ಬಿಗಿ, ಬೆಳಿಗ್ಗೆ ಹೇಗೋ ಹೋಗುತ್ತದೆ, ಸಂಜೆಗೆ ಪಟ್ಟಿಯ ಗುರುತು ಬೀಳುತ್ತದೆ. ಅಂಗಡಿಯವನು ನಿನಗೆ ಮೋಸ ಮಾಡಿ ಸಣ್ಣ ನಂಬರು ಕೊಟ್ಟಿದ್ದಾನೆ.

ಪಕ್ಕದ ಮನೆಯ ಮಹಾದೇವಯ್ಯ ಮೇಷ್ಟ್ರ ಹೆಂಡತಿ ನನ್ನ ಅಂಗೈ ನೋಡಿ, "ಗೋರಂಟಿ ಯಾವಾಗ ಹಾಕ್ಕೊಂಡ್ರಿ ನರ್ಸಮ್ಮ" ಎಂದರು. ಕೆಲಸ ಮಾಡಿದ ಕೈ ಎಂದೆ. ಅಣ್ಣನ ಮನೆಗೆ ಹೋದರೆ ಇಳಿದುಹೋಗಿದ್ದೀಯ, ಇಳಿದುಹೋಗಿದ್ದೀಯ ಎಂದು ಪ್ರಾಣ ತಿನ್ನುತ್ತಾರೆ, ಅದಕ್ಕೇ ಹೋಗಲಿಲ್ಲ.

ಇಲ್ಲಿ ಎಲ್ಲಾ ಸರಿಯಾಗಿದೆ.
ಸುಬ್ಬಲಕ್ಷ್ಮಿ

•

ತುಮಕೂರು
5-2-1980

ಸುಬ್ಬಿ,

ನಿನ್ನ ಕಾಗದ ಓದಿ ನಗುತ್ತಾ ಎರಡೂಕಾಲು ಬಳೆ ಎತ್ತಿಡಲು ಡಬ್ಬ ತೆಗೆದೆ. ತೆಗೆದವಳು ಹಾಗೇ ನಿಂತೆ. ಹದಿನಾರು ವರ್ಷದಿಂದ ಬಳೆ ತೊಡಿಸುತ್ತಿದ್ದೇನೆ. ಬಳೆ ಸಡಿಲವಾದವರಿಗೆ ಚಪ್ಪಲಿಯೂ ಸಡಿಲವಾಗುತ್ತದೆ. ಬಸುರಿಯರಿಗೆ ಎರಡೂ ಬಿಗಿಯಾಗುತ್ತವೆ. ಬಳೆ ಸಡಿಲ, ಚಪ್ಪಲಿ ಬಿಗಿ, ಒಂದೇ ಮೈಯಲ್ಲಿ ಎರಡೂ ಹೇಗೆ? ಚಪ್ಪಲಿ ಅಂಗಡಿಗೆ ಹೋಗಿ ಕೇಳಿ ಬಂದೆ. ನಂಬರು ಅದೇ, ಅಚ್ಚೂ ಅದೇ.

ಆಮೇಲೆ ನಿನ್ನ ಕಾಗದಗಳನ್ನೆಲ್ಲಾ ಚಾಪೆಯ ಮೇಲೆ ಹರಡಿಕೊಂಡು ಕೂತೆ. ಆಗಸ್ಟಿನಲ್ಲಿ ಬೆಟ್ಟ ಹತ್ತಲು ಎರಡು ಕಡೆ ಕೂರುತ್ತೇನೆ ಎಂದು ಬರೆದೆ, ನಾನು ವಯಸ್ಸಿನ ಮಾತಿಗೆ ನಕ್ಕೆ. ಸೆಪ್ಟೆಂಬರಿನಲ್ಲಿ ತುರಿಕೆ, ನೀರು ಗಡಸು ಎಂದೆ. ಅದೇ ಕಾಗದದಲ್ಲಿ ಒಸಡಿನ ರಕ್ತ, ಹಲ್ಲುಪುಡಿಯ ತಪ್ಪು ಎಂದೆ. ಈಗ ಅಂಗೈ ಕೆಂಪು, ಕೆಲಸ ಮಾಡಿದ ಕೈ ಎನ್ನುತ್ತೀಯ. ಇಷ್ಟನ್ನೂ ನನಗೆ ಒಂದೊಂದಾಗಿ ಹೇಳಿಕೊಟ್ಟವಳು ನೀನು. ಒಂದೊಂದಕ್ಕೂ ಒಂದೊಂದು ಸಬೂಬು ಸಿಗುತ್ತದೆ ಎಂದವಳೂ ನೀನೇ. ನಾನು ಗಂಡನ ಕಣ್ಣು ನೋಡುತ್ತಾ ಕೂತೆ, ನಿನ್ನ ಅಕ್ಷರ ನೋಡಲಿಲ್ಲ.

ನಿನಗೆ ಲಿವರ್ ಕಾಯಿಲೆ ಇದೆ ಸುಬ್ಬಿ. ನಿನಗೂ ಗೊತ್ತಿದೆ. ಗೊತ್ತಿಲ್ಲದವಳು ಅಷ್ಟು ವಿವರವಾಗಿ ಬರೆಯುವುದಿಲ್ಲ. ಇವತ್ತೇ ರಜೆ ಬರೆದುಕೊಟ್ಟು ಹೊರಡು. ನನಗೆ ಭಯವಾಗುತ್ತಿದೆ, ರೊಟ್ಟಿ ಸೀದು ಹೋಗುತ್ತಿದೆ, ಏಳಲಾಗುತ್ತಿಲ್ಲ.

ಖುರ್ಷಿದಾ

•

ಹುತ್ರಿದುರ್ಗ
12-2-1980

ಖುರ್ಷಿದಾ ಬೇಗಂ ಅವರಿಗೆ,

ನಾನು ಹದಿಮೂರು ವರ್ಷದಿಂದ ನರ್ಸು. ನೀವು ಬಳೆ ಅಂಗಡಿಯವರು. ನನಗೆ ರಕ್ತ ಕಮ್ಮಿಯಾಗಿದೆ, ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಾರ್ಡಿನಲ್ಲಾಗಲಿ, ಕಾಗದದಲ್ಲಾಗಲಿ ಇನ್ನೊಮ್ಮೆ ಆ ಶಬ್ದ ಬರೆಯಬೇಡಿ. ಇಲ್ಲಿ ಟಪಾಲು ನನ್ನ ಕೈ ಸೇರುವ ಮೊದಲು ನಾಲ್ಕು ಕೈ ದಾಟುತ್ತದೆ. ಒಂಟಿ ಹೆಂಗಸು, ಕ್ವಾರ್ಟರ್ಸು, ಬೀರುವಿನಲ್ಲಿ ಸ್ಪಿರಿಟ್ಟು. ಜನಕ್ಕೆ ಇನ್ನೇನು ಬೇಕು.

ಬಳೆ ಕಳಿಸುವುದು ಬೇಡ.
ಸುಬ್ಬಲಕ್ಷ್ಮಮ್ಮ

•

ತುಮಕೂರು
30-3-1980

ನರ್ಸಮ್ಮನವರಿಗೆ ಸೈಫುಲ್ಲಾ ಬರೆಯುವುದು. ನನ್ನ ಕನ್ನಡ ಅಂಗಡಿ ಬೋರ್ಡಿನ ಕನ್ನಡ, ತಪ್ಪಿದ್ದರೆ ಮಾಫಿ ಮಾಡಿ. ಇದನ್ನು ಅಂಚೆಗೆ ಹಾಕಿಲ್ಲ. ಸರಕಿನ ಜೊತೆ ಬರುವ ನಮ್ಮವರ ಕೈಯಲ್ಲಿ ಕಳಿಸಿದ್ದೇನೆ, ಯಾರೂ ಓದಿಲ್ಲ.

ನನ್ನ ಹೆಂಡತಿ ಮೂರು ಕಾಗದ ಹಾಕಿದಳು, ನಿಮ್ಮ ಜವಾಬು ಇಲ್ಲ. ಅವುಗಳಲ್ಲಿ ಆ ಶಬ್ದ ಬರೆದಿಲ್ಲವಂತೆ. ಅವಳು ಊಟ ಸರಿಯಾಗಿ ಮಾಡುತ್ತಿಲ್ಲ. ಗಿರಾಕಿಯ ಕೈ ಹಿಡಿದರೆ ಬಳೆ ತೊಡಿಸುವುದನ್ನು ಮರೆತು ಅಂಗೈ ತಿರುಗಿಸಿ ನೋಡುತ್ತಾ ಕೂರುತ್ತಾಳೆ.

ತಂಗೀ, ನಾಚಿಕೆ ಏನು ಎಂದು ನನಗೆ ಗೊತ್ತು. ಅಪ್ಪಾಜಿ ನಕ್ಕ ಮೇಲೆ ನಾನು ಎರಡನೇ ಸಲ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಹೋಗಿ ಬಂದೆ ಎಂದು ಖುರ್ಷಿದಾಗೆ ಸುಳ್ಳು ಹೇಳಿದೆ. ಅಲ್ಲಾಹ್‌ನ ದಯೆ, ತಾನಾಗಿ ವಾಸಿಯಾಯಿತು. ಆಗದಿದ್ದರೆ ಒಬ್ಬನ ನಗುವಿಗೆ ಹೆದರಿ ನಾನು ಸಾಯುತ್ತಿದ್ದೆ. ಈ ಮಾತನ್ನು ನಿಮಗೆ ಬಿಟ್ಟು ಯಾರಿಗೂ ಹೇಳಿಲ್ಲ.

ಏಪ್ರಿಲ್ ಏಳು, ಸೋಮವಾರ ನಾವಿಬ್ಬರೂ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ಇರುತ್ತೇವೆ. ಬನ್ನಿ, ಬೆಂಗಳೂರಿಗೆ ಹೋಗೋಣ. ಅಲ್ಲಿ ನಿಮ್ಮನ್ನು ಗುರುತಿಸುವವರಿಲ್ಲ. ನಾನೂ ಚೀಟಿ ಮಾಡಿಸಿ ನಿಮ್ಮ ಪಕ್ಕ ಲೈನಿನಲ್ಲಿ ಕೂರುತ್ತೇನೆ. ನೋಡಿದವರು ಇಬ್ಬರು ಕುಡುಕರು ಬಂದಿದ್ದಾರೆ ಎನ್ನಲಿ. ನೀವು ಬರದಿದ್ದರೆ ಸಂಜೆ ಬಸ್ಸಿಗೆ ವಾಪಸ್ ಹೋಗುತ್ತೇವೆ, ಅದರ ಮುಂದಿನ ಸೋಮವಾರ ಮತ್ತೆ ಬರುತ್ತೇವೆ.

ಸೈಫುಲ್ಲಾ

•

ಬೆಂಗಳೂರು, ಹೆಂಗಸರ ವಾರ್ಡು
26-4-1980

ಖುರ್ಷಿ,

ನನ್ನನ್ನು ಇಲ್ಲಿ ಸೇರಿಸಿ ನೀನೂ ಭಾವನವರೂ ಊರಿಗೆ ಹೋಗಿ ಎರಡು ವಾರವಾಯಿತು. ಎದುರಿಗಿದ್ದಾಗ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೆಬ್ರವರಿಯಲ್ಲಿ ನಿನ್ನನ್ನು "ನೀವು" ಎಂದು ಬರೆದೆನಲ್ಲ, ಆ ಕೈಗೆ ಏನು ಬರಬೇಕೋ ಅದು ಬಂದಿದೆ. ಕ್ಷಮಿಸು.

ಲಿವರಿನ ಒಂದಷ್ಟು ಭಾಗ ಗಟ್ಟಿಯಾಗಿದೆಯಂತೆ. ಆ ಭಾಗ ಮತ್ತೆ ಮೊದಲಿನಂತೆ ಆಗುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಂಡರೆ ವರ್ಷಗಳು ಸಿಗಬಹುದು ಎಂದರು ಡಾಕ್ಟರು. ಎಷ್ಟು ಎಂದು ಕೇಳಿದೆ, ಹೇಳಲಿಲ್ಲ. ನಾನೂ ರೋಗಿಗಳಿಗೆ ಹಾಗೇ ಹೇಳದೆ ಬಿಟ್ಟಿದ್ದೇನೆ. ಉಪ್ಪು ಬಿಡಿಸಿದ್ದಾರೆ, ಪಾದದ ಊತ ಇಳಿದಿದೆ. ಅಣ್ಣ ಬಂದಿದ್ದ. ಸ್ಪಿರಿಟ್ಟಿನ ಮಾತು ಅವನ ಬಾಯಲ್ಲಿ ಬರಬಹುದು ಎಂದು ಕಾದಿದ್ದೆ. ಅವನು ನನ್ನ ಕಾಲು ಒತ್ತುತ್ತಾ ಕೂತ.

ಈಗ ಮುಖ್ಯ ವಿಷಯ. ನಿನಗೆ ಹೇಳದೆ ಇಟ್ಟುಕೊಂಡದ್ದು ಇದು. ಅರವತ್ತಾರರಲ್ಲಿ, ನಾನು ಟ್ರೇನಿಂಗಿನಲ್ಲಿದ್ದಾಗ, ಹಾಸ್ಟೆಲ್ ಕೋಣೆಯಲ್ಲಿ ನಾವು ಮೂವರು. ನಾನು, ಸಿದ್ದಗಂಗಮ್ಮ, ಮಂಜುಳಮ್ಮ. ಇಂಜೆಕ್ಷನ್ ಕೊಡಲು ಕೈ ನಡುಗುತ್ತಿತ್ತು, ಟೀಚರ್ ಎಲ್ಲರೆದುರು ಬೈದರು. ನಾವು ಹಟಕ್ಕೆ ಬಿದ್ದು, ಯಾರಿಗೂ ಗೊತ್ತಾಗದ ಹಾಗೆ ಒಂದು ಸಿರಿಂಜು ತಂದು, ಬರೀ ನೀರು ತುಂಬಿ ಒಬ್ಬರ ತೋಳಿಗೆ ಒಬ್ಬರು ಚುಚ್ಚಿ ಅಭ್ಯಾಸ ಮಾಡಿದೆವು. ವಾರಗಟ್ಟಲೆ. ಸೂಜಿ ಒಂದೇ. ಸ್ಟೌ ಇರಲಿಲ್ಲ, ಸ್ನಾನದ ಬಿಸಿನೀರಿನಲ್ಲಿ ತೊಳೆಯುತ್ತಿದ್ದೆವು. ಕುದಿಸದ ಸೂಜಿ ಎಂದರೆ ಏನು ಎಂದು ಪುಸ್ತಕದಲ್ಲಿ ಓದಿ ಮಾರ್ಕು ತೆಗೆದವರೇ ನಾವು. ಆಗ ಸಿದ್ದಗಂಗಮ್ಮನ ಕಣ್ಣು ತುಸು ಹಳದಿ ಇತ್ತು. ಅಭ್ಯಂಜನದ ಅರಿಶಿನ ಕಣ್ಣಿಗೆ ಹೋಗಿದೆ ಎಂದಳು, ನಂಬಿದೆವು. ಮೂರು ತಿಂಗಳ ಮೇಲೆ ನನಗೂ ಮಂಜುಳಮ್ಮನಿಗೂ ಕಾಮಾಲೆ ಬಂತು, ಹೋಯಿತು ಎಂದುಕೊಂಡೆವು. ನನ್ನದು ಹೋಗಿರಲಿಲ್ಲ.

ಇಲ್ಲಿಂದಲೇ ಸಿದ್ದಗಂಗಮ್ಮನ ಮನೆಗೆ ಬರೆದೆ. ಅವಳ ಅಣ್ಣನ ಜವಾಬು ಬಂತು. ಅವಳು ಹೋಗಿ ಎರಡು ವರ್ಷವಾಯಿತಂತೆ, ಹೊಟ್ಟೆಯಲ್ಲಿ ನೀರು ತುಂಬಿ. ಯಾರೋ ಮಾಟ ಮಾಡಿಸಿದರು ಎಂದು ಬರೆದಿದ್ದಾರೆ. ಅವಳಿಗೆ ಕಾಗದ ಬರೆಯುವ ಒಬ್ಬ ಖುರ್ಷಿ ಇರಲಿಲ್ಲ ನೋಡು.

ಮಂಜುಳಮ್ಮ ಉಳಿದಿದ್ದಾಳೆ. ಕೆಲಸ ಬಿಟ್ಟು ಮದುವೆಯಾಗಿ ತುಮಕೂರಿನಲ್ಲೇ ಇದ್ದಾಳೆ, ವಿಳಾಸ ಹಿಂದಿನ ಪುಟದಲ್ಲಿದೆ. ಅವಳಿಗೆ ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ನನಗೆ ಇಲ್ಲಿ ಮಲಗಲಾಗುತ್ತಿಲ್ಲ. ನೀನು ಹೋಗು. ಬಳೆ ಮಾರುವವಳಾಗಿ ಹೋಗು, ಕೈ ಹಿಡಿದು ನೋಡು. ಅವಳು ಒಪ್ಪುವುದಿಲ್ಲ, ಬೈಯುತ್ತಾಳೆ. ಹೇಗೆ ಬೈಯುತ್ತಾಳೆ ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು.

ಸುಬ್ಬಿ

•

ತುಮಕೂರು
3-5-1980

ಸುಬ್ಬಿ,

ಮಂಜುಳಮ್ಮನ ಮನೆಯ ಜಗಲಿಯ ಮೇಲೆ ಕೂತು, ಬಳೆ ಬುಟ್ಟಿಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

ಹನ್ನೊಂದು ಗಂಟೆಗೆ ಬಂದೆ. ಖುಷಿಯಿಂದಲೇ ಕೂರಿಸಿದಳು, ಕೈ ನೀಡಿದಳು. ಕೈ ಬಿಸಿ, ಹೆಬ್ಬೆರಳ ಬುಡ, ಅಂಗೈ ಅಂಚು ಎಲ್ಲಾ ಕೆಂಪು. ಮುಂಗೈಯಲ್ಲಿ ಎರಡು ನೀಲಿ ಕಲೆ. ಬಳೆ ತೊಡಿಸುವಾಗ ನಾನು ಒತ್ತಿದ ಕಡೆ ನನ್ನೆದುರೇ ಇನ್ನೊಂದು ಎದ್ದಿತು. ಸುತ್ತಿ ಬಳಸಿ ಹೇಳಬೇಕು ಎಂದುಕೊಂಡು ಬಂದಿದ್ದೆ, ನನಗೆ ಬರುವುದಿಲ್ಲ. ನೇರವಾಗಿ ಹೇಳಿಬಿಟ್ಟೆ. ಹಾಸ್ಟೆಲ್ಲು, ಸೂಜಿ, ಎಲ್ಲಾ.

ಕೈ ಕಿತ್ತುಕೊಂಡಳು. "ಯಾರ್ರೀ ನೀವು? ನಮ್ಮನೇಗೆ ಬಂದು ನಂಗೆ ರೋಗ ಅಂಟಿಸ್ತೀರಾ? ಎದ್ದೋಗ್ರಿ ಮೊದ್ಲು" ಎಂದು ಕೂಗಿ ಬಾಗಿಲು ಹಾಕಿಕೊಂಡಳು. ಎದುರು ಮನೆಯವರು ನೋಡುತ್ತಿದ್ದಾರೆ. ಬಳೆಯವಳು ಏನೋ ಕದ್ದಳು ಎಂದುಕೊಂಡಿರಬೇಕು. ನಾನು ಏಳಲಿಲ್ಲ. ಈಗ ಮೂರು ಗಂಟೆ. ಎರಡು ಸಲ ಕಿಟಕಿಯಿಂದ ನೋಡಿದಳು, ಎರಡು ಸಲವೂ ನಾನು ಇಲ್ಲೇ ಇದ್ದೆ.

ಈಗ ಇನ್ನೊಂದು ಸಲ ಬಂದಳು. ಕಿಟಕಿಯ ಸರಳು ಹಿಡಿದುಕೊಂಡು ನಿಂತಳು. ಆಮೇಲೆ, "ಸಿದ್ದಗಂಗಿ ಹೋದ್ಲು ಅಂತ ನಂಗೂ ಗೊತ್ತು. ಸುಬ್ಬಿ ಇದಾಳಾ?" ಎಂದಳು.

"ಇದಾಳೆ ಕಣಮ್ಮ. ನಿನ್ ಹತ್ರ ನನ್ನ ಕಳಿಸಿದ್ದೇ ಅವಳು" ಎಂದೆ.

ಒಳಗೆ ಚಿಲಕ ತೆಗೆಯುತ್ತಿದ್ದಾಳೆ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ.

ಖುರ್ಷಿ